ದಿನದ ಧಮ್ಮ ಚಿಂತನೆ: ರಾತ್ರಿ ಹತ್ತರ ಹಸಿವು





ವರ್ಷಾವಾಸದ ಗ್ರಂಥ ವಾಚನ ಮುಗಿದ ಮೇಲೆ ವಿಹಾರದ ಕಟ್ಟೆಯ ಮೇಲೆ ಕೂತು ಮಾತಾಡುವಾಗ ತಾಯಂದಿರು ಕೇಳುವ ಪ್ರಶ್ನೆಗಳೇ ಬೇರೆ. ಕಳೆದ ಭಾನುವಾರ ಒಬ್ಬರು ಕೇಳಿದರು: “ಅಕ್ಕೋರ, ಡಾಕ್ಟರು ತೂಕ ಇಳಸ್ರಿ ಅಂದಾರ. ಹಗಲೆಲ್ಲಾ ತಡಕೋತೀನ್ರಿ. ರಾತ್ರಿ ಹತ್ತಾತಂದ್ರ ಕೈ ತಾನೇ ಚೂಡಾದ ಡಬ್ಬಿಗಿ ಹೋಗ್ತದ. ಇದಕ್ಕ ಧಮ್ಮದಾಗ ಏನರ ಅದೇನ್ರಿ?” ಸುತ್ತ ಕೂತವರು ನಕ್ಕರು. ಆದರೆ ನಕ್ಕವರಲ್ಲಿ ಅರ್ಧ ಜನರ ಮನೆಯಲ್ಲೂ ಅದೇ ಡಬ್ಬಿ ಇದೆ. ನಾನೂ ನೋಟ್‌ಬುಕ್ ತಿದ್ದುತ್ತಾ ಅದೇ ಹೊತ್ತಿನಲ್ಲಿ ಎಚ್ಚರ ಇರುವವಳು. ಅವರಿಗೆ ಅಲ್ಲಿ ಎರಡು ಮಾತು ಹೇಳಿದೆ. ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಧಮ್ಮದಲ್ಲಿ ಇದಕ್ಕೆ ಇದೆ. ಬುದ್ಧರ ಮುಂದೆ ಇದೇ ತೊಂದರೆ ಹೊತ್ತು ಬಂದವನು ಸಾಮಾನ್ಯನಲ್ಲ, ಕೋಸಲದ ರಾಜ ಪಸೇನದಿ. ಸಂಯುತ್ತ ನಿಕಾಯದ ದೋಣಪಾಕ ಸುತ್ತದಲ್ಲಿ ಅವನ ಕಥೆ ಬರುತ್ತದೆ. ರಾಜ ಒಂದು ಹೊತ್ತಿಗೆ ಒಂದು ದ್ರೋಣ ಅಕ್ಕಿಯ ಅನ್ನ ಉಣ್ಣುತ್ತಿದ್ದ. ಹಾಗೆ ಉಂಡು ಏದುಸಿರು ಬಿಡುತ್ತಾ ಬಂದು ಬುದ್ಧರ ಪಕ್ಕದಲ್ಲಿ ಕೂತ. ಬುದ್ಧರು ಅವನನ್ನು ಬೈಯಲಿಲ್ಲ. ಉಪವಾಸ ಮಾಡು ಎನ್ನಲಿಲ್ಲ. ನೀನು ಪಾಪ ಮಾಡಿದ್ದೀಯ ಎಂದೂ ಅನ್ನಲಿಲ್ಲ. ಎಚ್ಚರದಿಂದ ಇದ್ದು ಊಟದ ಅಳತೆ ತಿಳಿದವನಿಗೆ ಬೇನೆ ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ಒಂದು ಗಾಥೆ ಹೇಳಿದರು, ಅಷ್ಟೇ. ರಾಜನ ಹಿಂದೆ ಸುದಸ್ಸನ ಎಂಬ ತರುಣ ನಿಂತಿದ್ದ. ರಾಜ ಅವನಿಗೆ, ಈ ಗಾಥೆ ಕಲಿತುಕೊ, ನಾನು ಉಣ್ಣಲು ಕೂತಾಗ ನನ್ನ ಮುಂದೆ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ಮುಂದೆ ಕ್ರಮೇಣ ರಾಜನ ಊಟ ಒಂದು ನಾಳಿಯ ಅಳತೆಗೆ ಇಳಿಯಿತು, ಮೈ ಹಗುರಾಯಿತು. (ನೂರು ಕಹಾಪಣ ಕೊಟ್ಟು ಕೇಳುತ್ತಿದ್ದ ಮಾತು ನಮಗೆ ಮೊಬೈಲಿನಲ್ಲಿ ಪುಕ್ಕಟೆ ಬರುತ್ತದೆ. ಅದಕ್ಕೇ ಇರಬೇಕು, ಓದದೆ ಮುಂದಿನವರಿಗೆ ಕಳಿಸಿಬಿಡುತ್ತೇವೆ.)

ಧಮ್ಮಪದದ ಅಟ್ಠಕಥೆ ಈ ಕಥೆಗೆ ಇನ್ನೊಂದು ವಿವರ ಸೇರಿಸುತ್ತದೆ. ನನಗೆ ಅದು ಬಹಳ ಹಿಡಿಸಿದೆ. ಗಾಥೆಯನ್ನು ಊಟದ ಆರಂಭದಲ್ಲಿ ಹೇಳುವುದಲ್ಲ, ಕೊನೆಯ ತುತ್ತಿನ ಹೊತ್ತಿಗೆ ಹೇಳಬೇಕು. ಕೇಳಿದ ಕೂಡಲೆ ರಾಜ ಆ ತುತ್ತನ್ನು ಬಿಡಬೇಕು. ಆ ತುತ್ತಿನಲ್ಲಿ ಎಷ್ಟು ಅನ್ನ ಇತ್ತೋ ಅಷ್ಟರ ಅಕ್ಕಿಯನ್ನು ಮರುದಿನ ಬೇಯಿಸುವಾಗಲೇ ಕಡಿಮೆ ಹಾಕಬೇಕು. ತಾಯಂದಿರೇ, ಇದನ್ನು ಇನ್ನೊಮ್ಮೆ ಓದಿ. ಕಡಿಮೆ ಆಗಬೇಕಾದದ್ದು ಗಡಿಗೆಯಲ್ಲಿ.

ನಮ್ಮ ಅಡುಗೆಮನೆಯಲ್ಲಿ ಆಗುವುದು ಇದರ ತಿರುಗುಮುರುಗು. ಎಲ್ಲರೂ ಉಂಡು ಎದ್ದ ಮೇಲೆ ಪಾತ್ರೆಯ ತಳದಲ್ಲಿ ಒಂದು ಸೌಟು ಅನ್ನ, ಮಗ ಬಿಟ್ಟ ಅರ್ಧ ರೊಟ್ಟಿ, ಇಷ್ಟು ಸಾರು. ಚೆಲ್ಲಲು ಮನಸ್ಸು ಬರುವುದಿಲ್ಲ. ಹೇಗೆ ಬಂದೀತು? 1972ರ ಬರದ ಮಾತು ಕೇಳುತ್ತಾ ಬೆಳೆದವರು ನಾವು. ನಮ್ಮ ಆಯಿ ತಂಗಳ ರೊಟ್ಟಿಯನ್ನು ಮುರಿದು ಒಣಗಿಸಿ ಡಬ್ಬಿಯಲ್ಲಿ ಇಡುತ್ತಿದ್ದಳು. ಅದಕ್ಕೂ ಹಿಂದೆ ಊರ ದೊಡ್ಡ ಮನೆಗಳ ಹಿತ್ತಲಲ್ಲಿ ಸೆರಗು ಒಡ್ಡಿ ನಿಂತು ಉಳಿದದ್ದನ್ನು ಹಾಕಿಸಿಕೊಂಡು ಬಂದ ಕಾಲ. ಅಂಥ ಮನೆಗಳಲ್ಲಿ ತುಂಬಿದ ತಾಟು ಎಂದರೆ ಬರೀ ಊಟವಲ್ಲ, ಮಾನ. ಬಂದವರಿಗೆ “ಇನ್ನೊಂದು ರೊಟ್ಟಿ ಹಚಗೋರಿ” ಎನ್ನುವಾಗ ನಮ್ಮ ದನಿಯಲ್ಲಿ ಒಂದು ಗೆಲುವು ಇರುತ್ತದೆ. ಹಾಗಾಗಿ ಡಾಕ್ಟರು “ಕಡಿಮೆ ತಿನ್ನಿ” ಎಂದಾಗ ಆ ಮಾತು ನಮ್ಮ ಕಿವಿಗೆ ಬೇರೆಯೇ ಥರ ಬೀಳುತ್ತದೆ. ತಲೆಮಾರುಗಳಿಂದ ಕಡಿಮೆ ತಿಂದವರಿಗೆ ಇದೇನು ಹೊಸ ಉಪದೇಶ ಎನಿಸುತ್ತದೆ. ಈ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಉಳಿದ ಅನ್ನ ಕೆಡದಂತೆ ಕಾಯಲು ನಮ್ಮ ಹೊಟ್ಟೆಯೇ ಪಾತ್ರೆ ಆಗಬೇಕಿಲ್ಲ. ಸುದಸ್ಸನನ ಲೆಕ್ಕ ಹಿಡಿದು ನಾಳೆ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿದರೆ ಅನ್ನವೂ ಉಳಿಯಿತು, ಮೈಯೂ ಉಳಿಯಿತು.

ಇನ್ನು ಹಸಿವಿನ ವಿಷಯ. ರಾತ್ರಿಯ ಹಸಿವಿನಲ್ಲಿ ಎರಡು ಬಗೆ ಇದೆ.

ಬಾಬಾಸಾಹೇಬರು 1920ರಲ್ಲಿ ಎರಡನೇ ಸಲ ಲಂಡನ್ನಿಗೆ ಓದಲು ಹೋದರಲ್ಲ, ಆಗಿನ ದಿನಗಳನ್ನು ಧನಂಜಯ ಕೀರ್ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ. ಮನೆಯೊಡತಿ ಕೊಡುತ್ತಿದ್ದ ಬೆಳಗಿನ ಉಪಾಹಾರ ಅತ್ತಲ್ಲ ಇತ್ತಲ್ಲ. ಹಗಲೆಲ್ಲಾ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಓದು. ರಾತ್ರಿ ಹೊತ್ತು ಹಸಿವು ತಡೆಯಲಾಗದೆ ಪರಿಚಯದವರು ಕೊಟ್ಟ ಹಪ್ಪಳಗಳನ್ನು ಸುಟ್ಟುಕೊಂಡು ತಿಂದು, ಮತ್ತೆ ಓದಿಗೆ ಕೂರುತ್ತಿದ್ದರು. ಅದು ಹೊಟ್ಟೆಯ ಹಸಿವು. ಅದಕ್ಕೆ ಉತ್ತರ ಊಟವೇ ಹೊರತು ಧ್ಯಾನವಲ್ಲ. ಬಾಬಾಸಾಹೇಬರು ಅರೆಹೊಟ್ಟೆಯಲ್ಲಿ ಓದಿದರು ಎಂದು ಭಾಷಣದಲ್ಲಿ ಹೇಳಿ ಮಕ್ಕಳಿಗೂ ಅರೆಹೊಟ್ಟೆಯ ಪಾಠ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಮಕ್ಕಳು ಹಾಗೆ ಓದಬಾರದು ಎಂದೇ ಅವರು ಹಾಗೆ ಓದಿದ್ದು.

ಎರಡನೆಯದು ಉಂಡು ಒಂದು ತಾಸಿನ ಮೇಲೆ ಬರುವ ಹಸಿವು. ಇದಕ್ಕೆ ನಮ್ಮ ಭಾಷೆ ಬಹಳ ಸರಿಯಾದ ಮಾತು ಇಟ್ಟುಕೊಂಡಿದೆ. “ಬಾಯಾಡಿಸಾಕ ಏನರ ಕೊಡ್ರಿ” ಅನ್ನುತ್ತೇವೆ. ಹೊಟ್ಟೆಯ ಹೆಸರೇ ಅಲ್ಲಿಲ್ಲ, ಬಾಯಿ ಆಡಬೇಕು ಅಷ್ಟೇ. ಪಾಲಿಯಲ್ಲಿ ತಣ್ಹಾ ಎಂದರೆ ಮೂಲದಲ್ಲಿ ಬಾಯಾರಿಕೆ. ಎರಡು ಭಾಷೆಯವರೂ ಇದನ್ನು ಬಾಯಿಯಲ್ಲೇ ಇಟ್ಟಿದ್ದಾರೆ.

ಎರಡನ್ನೂ ಬೇರ್ಪಡಿಸಿ ನೋಡಲು ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈಗ ಒಂದು ಜೋಳದ ರೊಟ್ಟಿ, ಪುಂಡಿ ಪಲ್ಯ ಕೊಟ್ಟರೆ ತಿನ್ನುತ್ತೇನೆಯೇ? ಹೌದು ಎಂದಾದರೆ ಅದು ಹಸಿವು, ಕೂತು ತಿನ್ನಬೇಕು. “ರೊಟ್ಟಿ ಬ್ಯಾಡ, ಚೂಡಾನೇ ಬೇಕು” ಎಂದು ಒಳಗಿನಿಂದ ಉತ್ತರ ಬಂದರೆ ಅದು ಬೇರೆ. ಪಟಿಚ್ಚ ಸಮುಪ್ಪಾದ ಓದುವಾಗ ಫಸ್ಸ, ವೇದನಾ, ತಣ್ಹಾ ಎಂದು ಸರಪಳಿ ಬಾಯಿಪಾಠ ಮಾಡುತ್ತೇವೆ. ಅದನ್ನು ನೋಡಲು ಡಬ್ಬಿಯ ಮುಂದೆ ನಿಂತರೆ ಸಾಕು. ಮುಚ್ಚಳ ತೆಗೆದಾಗ ಕರಿಬೇವಿನ ವಾಸನೆ, ಅದು ಸ್ಪರ್ಶ. ಮೊದಲ ಹಿಡಿ ರುಚಿ ಅನಿಸಿತು, ಅದು ವೇದನೆ. ಎರಡನೇ ಹಿಡಿಗೆ ಕೈ ಹೋಗುವ ಆ ಅರೆಗಳಿಗೆಯಲ್ಲಿ ತಣ್ಹಾ ಹುಟ್ಟುತ್ತದೆ. ಮೂರನೇ ಹಿಡಿಯ ರುಚಿ ಯಾರಿಗೂ ನೆನಪಿರುವುದಿಲ್ಲ. ಮೊಬೈಲು ನೋಡುತ್ತಾ ತಿಂದರಂತೂ ಮೊದಲ ಹಿಡಿಯದೂ ನೆನಪಿಲ್ಲ.

ಕರಿದ ಖಾರಾ, ಶೇವು, ಮಿಕ್ಸ್ಚರ್ ಇವು 100 ಗ್ರಾಂಗೆ 500 ಕ್ಯಾಲೊರಿ ಮೀರುತ್ತವೆ. ಒಂದು ಹಿಡಿ ಎಂದರೆ ಸುಮಾರು 30 ಗ್ರಾಂ, ಹೆಚ್ಚುಕಡಿಮೆ 150 ಕ್ಯಾಲೊರಿ. ಒಂದು ರೊಟ್ಟಿಯಷ್ಟಾಯಿತು. ಶೇಂಗಾ ಒಳ್ಳೆಯದೇ, ಆದರೆ ಅದೂ 100 ಗ್ರಾಂಗೆ 560ರ ಆಸುಪಾಸು. ಎರಡು ಹಿಡಿ ಬಾಯಾಡಿಸಿದವರು ಎರಡು ರೊಟ್ಟಿ ಹೆಚ್ಚು ಉಂಡ ಹಾಗೆ, ಹೊಟ್ಟೆ ಮಾತ್ರ ತುಂಬಿರುವುದಿಲ್ಲ. ಭಾರತೀಯರ ಮೈಗೆ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂಡುತ್ತದೆ. ಅದಕ್ಕೇ ನಮಗೆ ಸೊಂಟದ ಸುತ್ತಳತೆಯ ಮಿತಿಯನ್ನು ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಎಂದು ಇಟ್ಟಿದ್ದಾರೆ. ತೂಕದ ಯಂತ್ರ ಇಲ್ಲದ ಮನೆಯಲ್ಲೂ ಟೇಲರ್ ಟೇಪು ಇರುತ್ತದೆ, ನೋಡಿಕೊಳ್ಳಿ.

ಹಾಗಾದರೆ ಹತ್ತು ಗಂಟೆಗೆ ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತೇ? ಅಲ್ಲ. ಪ್ರಶ್ನೆ ಕೇಳಿದ ತಾಯಿ ಅಂದ ಮಾತಿನಲ್ಲೇ ಕಾರಣ ಇದೆ: “ಹಗಲೆಲ್ಲಾ ತಡಕೋತೀನ್ರಿ.” ಬೆಳಿಗ್ಗೆ ಚಹಾದ ಜೊತೆ ಎರಡು ಬಿಸ್ಕತ್ತು, ಮಧ್ಯಾಹ್ನ ಗಡಿಬಿಡಿಯಲ್ಲಿ ಅರ್ಧ ಡಬ್ಬಿ, ಸಂಜೆ ಮತ್ತೆ ಚಹಾ. ಹೀಗೆ ಹಗಲಿಡೀ ಮೈಯಿಂದ ಸಾಲ ಎತ್ತಿದರೆ ರಾತ್ರಿ ಅದು ವಸೂಲಿಗೆ ಬರುತ್ತದೆ. ಶಾಲೆಯಲ್ಲಿ ಬೆಳಿಗ್ಗೆ ತಿನ್ನದೆ ಬಂದ ಮಕ್ಕಳು ಮಧ್ಯಾಹ್ನದ ಬಿಸಿಯೂಟದ ಗಂಟೆಗೆ ಹೇಗೆ ಓಡುತ್ತಾರೆ ಎಂದು ದಿನಾ ನೋಡುವವಳು ನಾನು. ಆ ಓಟಕ್ಕೆ ಯಾರಾದರೂ ಆಸೆಬುರುಕತನ ಎನ್ನುತ್ತಾರೆಯೇ?

ಸಿದ್ಧಾರ್ಥ ಗೌತಮರು ಮೈಯನ್ನು ಒಣಗಿಸಿ ನೋಡಿದರು, ಅದು ದಾರಿಯಲ್ಲ ಎಂದು ತಿಳಿದು ಸುಜಾತೆ ಕೊಟ್ಟ ಊಟ ಉಂಡರು. ಜೊತೆಗಿದ್ದ ಐವರು ಪರಿವ್ರಾಜಕರು, ಇವನು ಕೆಟ್ಟ ಎಂದು ಬಿಟ್ಟು ಹೋದರು. ಉಂಡವನೇ ಬೋಧಿ ಪಡೆದದ್ದು. ಬೆಳಿಗ್ಗೆ ಹೊಟ್ಟೆ ತುಂಬ ಉಣ್ಣಲು ನಾಚುವ ತಾಯಂದಿರಿಗೆ ನಾನು ಇದನ್ನೇ ಹೇಳುವುದು. ನಮ್ಮದು ತೊಗರಿಯ ನಾಡು. ಬೆಳಿಗ್ಗೆ ರೊಟ್ಟಿಯ ಜೊತೆ ಗಟ್ಟಿ ಬೇಳೆ ಅಥವಾ ಕಾಳು ಪಲ್ಯ, ಆಗುವವರಿಗೆ ಒಂದು ಮೊಟ್ಟೆ. ಮಧ್ಯಾಹ್ನ ಕೂತು ಊಟ. ಸಂಜೆ ಐದಕ್ಕೆ ಚಹಾದ ಜೊತೆ ಬಿಸ್ಕತ್ತಿನ ಬದಲು ನೆನೆಸಿದ ಕಡಲೆ, ಮೊಳಕೆ ಹೆಸರು, ಪೇರಲ, ಏನಾದರೂ. ಈ ಐದು ಗಂಟೆಯ ತುತ್ತು ಸರಿಯಾದ ದಿನ ಹತ್ತು ಗಂಟೆಯ ಜಗಳ ತಾನಾಗಿ ಅರ್ಧಕ್ಕೆ ಇಳಿಯುತ್ತದೆ. ನನ್ನ ಮೈಯಲ್ಲಿ ನಾನು ಕಂಡ ದೊಡ್ಡ ವ್ಯತ್ಯಾಸ ಇದೊಂದೇ. ರಾತ್ರಿ ಊಟ ಒಂಬತ್ತೂವರೆಯಿಂದ ಎಂಟಕ್ಕೆ ಬಂತು. ಆರು ತಿಂಗಳಲ್ಲಿ ಮೂರು ಕಿಲೊ ಇಳಿದಿದ್ದೇನೆ. ಬಹಳವಲ್ಲ, ಆದರೆ ಶಾಲೆಯ ಮೆಟ್ಟಿಲು ಹತ್ತುವಾಗ ಮೊಣಕಾಲಿಗೆ ಗೊತ್ತಾಗುತ್ತದೆ.

ನಿದ್ದೆಯ ಮಾತೂ ಇದೆ. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ, ಸಾಕು ಎನ್ನುವ ಲೆಪ್ಟಿನ್ ಇಳಿಯುತ್ತದೆ ಎಂದು ವೈದ್ಯರು ಕಂಡುಕೊಂಡಿದ್ದಾರೆ. ಹನ್ನೆರಡರವರೆಗೆ ಎಚ್ಚರ ಇದ್ದು ಹಸಿವನ್ನು ಗೆಲ್ಲುತ್ತೇನೆ ಎಂದರೆ ಮೈಯೊಳಗಿನ ಲೆಕ್ಕವೇ ನಮಗೆ ವಿರುದ್ಧ.

ಇಲ್ಲಿ ಹೆಂಗಸರ ಬಗ್ಗೆ ಒಂದು ಮಾತು ಹೇಳಲೇಬೇಕು, ಗಂಡಸರೂ ಓದಲಿ. ಮನೆಮಂದಿಯೆಲ್ಲ ಮಲಗಿದ ಮೇಲೆ, ಭಾಂಡೆ ತೊಳೆದು, ನಾಳೆಗೆ ಕಾಳು ನೆನೆಹಾಕಿ ಕೂತ ಆ ಅರ್ಧ ತಾಸು ಇದೆಯಲ್ಲ, ದಿನದಲ್ಲಿ ಅವಳದು ಎನ್ನುವ ಹೊತ್ತು ಅದೊಂದೇ. ಆ ಹೊತ್ತಿನಲ್ಲಿ ಅವಳು ಚೂಡಾ ತಿನ್ನುವುದು ಹಸಿವಿಗಲ್ಲ, ಆ ಹೊತ್ತಿಗಾಗಿ. ಡಬ್ಬಿ ಕಿತ್ತುಕೊಂಡರೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ “ಬಿಡು, ತಿನಬ್ಯಾಡ” ಎಂಬ ಬುದ್ಧಿವಾದ ಮೂರು ದಿನಕ್ಕೆ ಮುರಿದು ಬೀಳುತ್ತದೆ. ಭಾಂಡೆ ತೊಳೆಯಲು ಇನ್ನೊಬ್ಬರು ಎದ್ದರೆ, ಆ ಅರ್ಧ ತಾಸು ಎಂಟೂವರೆಗೇ ಸಿಕ್ಕರೆ, ಎರಡು ಪುಟ ಓದಿ ಅವಳು ಹತ್ತಕ್ಕೆ ಮಲಗಿರುತ್ತಾಳೆ. ಹೆಂಡತಿಯ ತೂಕ ಇಳಿಯಲಿ ಎನ್ನುವ ಅಣ್ಣಂದಿರು ಮೊದಲು ಭಾಂಡೆ ಹಿಡಿಯಲಿ.

ಭಾಂಡೆ ಎಂದಾಗ ಮಜ್ಝಿಮ ನಿಕಾಯದ ಲಟುಕಿಕೋಪಮ ಸುತ್ತ ನೆನಪಾಗುತ್ತದೆ. ಉದಾಯಿ ಎಂಬ ಭಿಕ್ಖು ಹಳೆಯ ದಿನ ನೆನೆಯುತ್ತಾನೆ. ಬುದ್ಧರು ಮೊದಲು ಮಧ್ಯಾಹ್ನದ ನಂತರದ ಹಗಲೂಟ ಬಿಡಿ ಎಂದರಂತೆ. ಎಷ್ಟೋ ದಿನದ ಮೇಲೆ ರಾತ್ರಿಯೂಟವನ್ನೂ ಬಿಡಿ ಎಂದಾಗ ಉದಾಯಿಗೆ ಬಹಳ ಬೇಸರವಾಯಿತು. ಯಾಕೆಂದರೆ ರುಚಿಯಾದ ಅಡುಗೆಯೆಲ್ಲ ಮನೆಗಳಲ್ಲಿ ರಾತ್ರಿಯೇ ಆಗುತ್ತಿತ್ತು! ಎರಡೂವರೆ ಸಾವಿರ ವರ್ಷದಲ್ಲಿ ಇದೊಂದು ಬದಲಾಗಿಲ್ಲ. ಕತ್ತಲಲ್ಲಿ ಭಿಕ್ಷೆಗೆ ಹೋಗಿ ಭಿಕ್ಖುಗಳು ಹೊಲಸು ಗುಂಡಿಗೆ ಬೀಳುತ್ತಿದ್ದರು. ಒಂದು ರಾತ್ರಿ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಮಿಂಚಿನ ಬೆಳಕಲ್ಲಿ ಉದಾಯಿಯನ್ನು ಕಂಡು ದೆವ್ವ ಎಂದು ಚೀರಿಕೊಂಡಳಂತೆ. ಆಮೇಲೆ ಚೆನ್ನಾಗಿ ಬೈದಳಂತೆ. ನಿಯಮ ಬಂದದ್ದು ಹೀಗೆ, ಬದುಕಿನ ತೊಂದರೆ ನೋಡಿ, ಅದೂ ಒಂದೊಂದು ಹೆಜ್ಜೆಯಾಗಿ. ಮತ್ತೊಂದೆಡೆ ಬುದ್ಧರು ತಮ್ಮ ಅನುಭವವನ್ನೇ ಕಾರಣ ಕೊಡುತ್ತಾರೆ: ರಾತ್ರಿ ಉಣ್ಣದೆ ಇರುವುದರಿಂದ ಬೇನೆ ಕಡಿಮೆ, ಮೈ ಹಗುರ, ಬಲ ಮತ್ತು ನೆಮ್ಮದಿ ಇದೆ ಎಂದು. ಪುಣ್ಯದ ಮಾತು ಅಲ್ಲಿಲ್ಲ.

“ಅಷ್ಟಶೀಲದ ದಿನ ರಾತ್ರಿ ಉಣ್ಣದೆ ಇರೋದು ಅಂದ್ರ, ನಾವು ಬಿಟ್ಟು ಬಂದ ಸೋಮವಾರ, ಶನಿವಾರದ ಉಪವಾಸಾನೇ ಮತ್ತ ಬಂದಂಗ ಆತಲ್ರಿ?” ಎಂದು ಒಬ್ಬ ತಮ್ಮ ಕೇಳಿದ್ದ. ಒಳ್ಳೆಯ ಪ್ರಶ್ನೆ. ಪದದ ಬೇರು ಒಂದೇ, ಉಪೋಸಥ ಮತ್ತು ಉಪವಾಸ ಎರಡೂ ಹತ್ತಿರ ವಾಸಿಸು ಎಂಬಲ್ಲಿಂದ ಬಂದವು. ಆದರೆ ದೇವರನ್ನು ಒಲಿಸಲು ಹಸಿದಿರುವುದು ಬೇರೆ, ನನ್ನ ಮನಸ್ಸು ಹೇಗೆ ಓಡುತ್ತದೆ ಎಂದು ಒಂದು ದಿನ ಕೂತು ನೋಡುವುದು ಬೇರೆ. ಮತ್ತೆ, ಉಪವಾಸದ ಹೆಸರಲ್ಲಿ ಸಾಬೂದಾಣಿ ಖಿಚಡಿ, ಶೇಂಗಾ ಹೋಳಿಗೆ, ಬಾಳೆಹಣ್ಣು ಎಂದು ಊಟಕ್ಕಿಂತ ಹೆಚ್ಚು ತಿನ್ನುತ್ತಿದ್ದದ್ದು ನಮಗೆಲ್ಲ ಗೊತ್ತಿದೆ. ಗೃಹಸ್ಥರ ಪಂಚಶೀಲದಲ್ಲಿ ರಾತ್ರಿಯೂಟದ ನಿಷೇಧವೇ ಇಲ್ಲ. ಉಪೋಸಥದ ದಿನ ಅಷ್ಟಶೀಲ ತೆಗೆದುಕೊಂಡವರಿಗೆ ಮಾತ್ರ ವಿಕಾಲಭೋಜನ ಬಿಡುವ ಶೀಲ ಇದೆ. ಉಳಿದ ದಿನ ನಮಗೆ ಹೇಳಿರುವುದು ಭೋಜನೇ ಮತ್ತಞ್ಞುತಾ, ಊಟದ ಅಳತೆ ಅರಿಯುವುದು.

ಅದನ್ನು ನಾನು ಮಾಡುವ ಬಗೆ ಸರಳ. ಖಾರಾದ ಡಬ್ಬಿ ಅಟ್ಟದ ಮೇಲಿದೆ, ಸ್ಟೂಲು ಹಾಕದೆ ಸಿಗುವುದಿಲ್ಲ. ತಿನ್ನಬೇಕೆನಿಸಿದ ರಾತ್ರಿ ಸಣ್ಣ ಬಟ್ಟಲಲ್ಲಿ ಹಾಕಿಕೊಂಡು, ಡಬ್ಬಿ ಮುಚ್ಚಿ ಮೇಲಿಟ್ಟು, ಮೊಬೈಲು ಬದಿಗಿಟ್ಟು ತಿನ್ನುತ್ತೇನೆ. ವಾರಕ್ಕೆ ಒಂದೆರಡು ಸಲ ಈಗಲೂ ಇದೆ. ಉಳಿದ ರಾತ್ರಿ ಒಂದು ಲೋಟ ಬಿಸಿನೀರು ಅಥವಾ ಮಜ್ಜಿಗೆ ಕುಡಿದು ಹತ್ತು ನಿಮಿಷ ಆನಾಪಾನಸತಿ. ಆಸೆ ಅಲೆಯ ಹಾಗೆ ಏರಿ ಇಳಿಯುತ್ತದೆ, ಹತ್ತು ಹದಿನೈದು ನಿಮಿಷ ಅದರ ಆಯುಷ್ಯ. ಅನಿಚ್ಚ ಎಂದು ಪುಸ್ತಕದಲ್ಲಿ ಓದಿದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನೋಡಬಹುದು.

ಕೆಲವು ಎಚ್ಚರಿಕೆ, ಇದನ್ನು ಹಾರಿಸಿ ಓದಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ರಾತ್ರಿಯೂಟ ಬಿಡಬಾರದು. ರಕ್ತದ ಸಕ್ಕರೆ ಏಕಾಏಕಿ ಇಳಿದು ಬೆವರು, ನಡುಕ, ಎಚ್ಚರ ತಪ್ಪುವ ತನಕ ಹೋಗಬಹುದು. ಬಾಬಾಸಾಹೇಬರೂ ವರ್ಷಗಟ್ಟಲೆ ಈ ಕಾಯಿಲೆಯೊಂದಿಗೆ ಬದುಕಿದವರು. 1948ರಲ್ಲಿ ಅವರನ್ನು ಮದುವೆಯಾದ ಡಾ. ಸವಿತಾ ಅಂಬೇಡ್ಕರ್ ಸ್ವತಃ ವೈದ್ಯೆ, ಅವರ ಪಥ್ಯ ಔಷಧಗಳನ್ನು ನೋಡಿಕೊಂಡರು. ಅಂಥ ಮೈಯಲ್ಲೇ ಅವರು ‘ಬುದ್ಧ ಮತ್ತು ಅವನ ಧಮ್ಮ’ ಬರೆದು ಮುಗಿಸಿದ್ದು. ಪುಸ್ತಕ 1957ರಲ್ಲಿ ಅಚ್ಚಾಗಿ ಬಂದಾಗ ಅವರು ಇರಲಿಲ್ಲ. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ತೂಕ ಇಳಿಸುವ ಲೆಕ್ಕಕ್ಕೆ ಬರಲೇಬಾರದು. ಇನ್ನು, ನಡುರಾತ್ರಿ ಎಚ್ಚರವಾಗಿ ಏನಾದರೂ ತಿನ್ನದೆ ಮತ್ತೆ ನಿದ್ದೆಯೇ ಬರದ ಸ್ಥಿತಿ ಕೆಲವರಿಗೆ ಇರುತ್ತದೆ. 1955ರಲ್ಲೇ ಆಲ್ಬರ್ಟ್ ಸ್ಟಂಕಾರ್ಡ್ ಎಂಬ ಅಮೆರಿಕದ ವೈದ್ಯರು ಇದನ್ನು ಗುರುತಿಸಿ ಬರೆದರು. ಅದು ಚಪಲವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಅಂಥವರು ಮನೆಯಲ್ಲಿ ಬೈಸಿಕೊಳ್ಳುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಲಿ.

ಬರುವ ಹುಣ್ಣಿಮೆಗೆ ವಿಹಾರದಲ್ಲಿ ಅಷ್ಟಶೀಲ ತೆಗೆದುಕೊಳ್ಳುವವರು ಹನ್ನೆರಡರ ಒಳಗೆ ಗಟ್ಟಿಯಾಗಿ ಉಂಡು ಬನ್ನಿ, ಅರ್ಧ ಹೊಟ್ಟೆಯಲ್ಲಿ ಬರಬೇಡಿ. ಮಾತ್ರೆ ನುಂಗುವವರು ಪಂಚಶೀಲವೇ ತೆಗೆದುಕೊಳ್ಳಿ, ಅದೇನೂ ಕಡಿಮೆಯಲ್ಲ. “ಸಂಜಿಗಿ ಚಹಾ ನಡೀತದೇನ್ರಿ?” ಎಂದು ಈಗಾಗಲೇ ಮೂವರು ಕೇಳಿದ್ದೀರಿ. ಹಾಲಿಲ್ಲದ ಚಹಾ, ಸೋಸಿದ ನಿಂಬೆ ಶರಬತ್ತು ನಡೆಯುತ್ತದೆ. ಹಾಲಿನ ಬಗ್ಗೆ ಒಂದೊಂದು ಪರಂಪರೆಯಲ್ಲಿ ಒಂದೊಂದು ರೂಢಿ ಇದೆ, ಅಂದು ಬರುವ ಭಂತೇಜಿಯವರನ್ನೇ ಕೇಳೋಣ. ಜೊತೆಗೆ ಚೂಡಾ ತರುವುದಿಲ್ಲ ಎಂದು ಆ ತಾಯಿ ತಾವೇ ಹೇಳಿದ್ದಾರೆ.

ಭವತು ಸಬ್ಬ ಮಂಗಳಂ.
ಜೈಭೀಮ್.